ಮೊದಲ ಟೇಪು ಯಾರಿಗೆ ಬರೆದ ಕಾಗದ?

ಪ್ರಶ್ನೆ: ತೀರ್ಥಹಳ್ಳಿಯ ನಾವು ನಾಲ್ವರು ಗೆಳೆಯರು ಆರು ವರ್ಷಗಳಿಂದ ಬ್ಯಾಂಡು ಕಟ್ಟಿಕೊಂಡು ಕನ್ನಡದಲ್ಲಿ ಸ್ವಂತ ಹಾಡುಗಳನ್ನು ಮಾಡುತ್ತಿದ್ದೇವೆ. ಈಚೆಗೆ ಹಳೆಯ ಫೋನೊಂದರಲ್ಲಿ ಆರಂಭದ ದಿನಗಳ ನೂರಕ್ಕೂ ಹೆಚ್ಚು ಮನೆ ರೆಕಾರ್ಡಿಂಗುಗಳು ಸಿಕ್ಕಿವೆ. ನಾವು ಎಲ್ಲ ಕಡೆ ಹಾಡುವ ಒಂದು ಹಾಡು ನಿಜವಾಗಿ ಯಾರ ರಚನೆ ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ. ಹೆಸರಾಂತ ಬ್ಯಾಂಡುಗಳ ಡೆಮೊಗಳನ್ನು, ಅಂದರೆ ಅಂತಿಮ ಮುದ್ರಣಕ್ಕೆ ಮೊದಲಿನ ಕಚ್ಚಾ ರೆಕಾರ್ಡಿಂಗುಗಳನ್ನು, ಕೇಳಿ ಅವರು ಹಾಡು ಕಟ್ಟುತ್ತಿದ್ದ ಬಗೆಯನ್ನು ತಿಳಿದವರು ವಿವರಿಸುತ್ತಾರೆ. ಅದು ಹೇಗೆ ಸಾಧ್ಯ? ನಮ್ಮ ರೆಕಾರ್ಡಿಂಗುಗಳಿಂದಲೂ ಹಾಗೆ ತಿಳಿಯಬಹುದೇ?

ಉತ್ತರ: ನೀವು ಎರಡು ಸಂಗತಿಗಳನ್ನು ಒಟ್ಟಿಗೆ ಕೇಳಿದ್ದೀರಿ. ಹಾಡು ಹೇಗೆ ಬೆಳೆಯಿತು ಎಂಬುದು ಒಂದು, ಹಾಡು ಯಾರದು ಎಂಬುದು ಇನ್ನೊಂದು. ಮನೆಯ ರೆಕಾರ್ಡಿಂಗು ಮೊದಲನೆಯದಕ್ಕೆ ಬಹಳ ಒಳ್ಳೆಯ ಸಾಕ್ಷಿ, ಎರಡನೆಯದಕ್ಕೆ ಅರೆಬರೆ ಸಾಕ್ಷಿ. ಶಿವಮೊಗ್ಗದಲ್ಲಿ ಒಂದು ಸಣ್ಣ ಧ್ವನಿಮುದ್ರಣದ ಕೋಣೆಯನ್ನು ನಡೆಸುತ್ತ, ಸುತ್ತಲಿನ ಊರುಗಳಿಂದ ಬರುವ ಹುಡುಗ ಹುಡುಗಿಯರ ಕಚ್ಚಾ ರೆಕಾರ್ಡಿಂಗುಗಳನ್ನು ವರ್ಷಗಟ್ಟಲೆ ಕೇಳುತ್ತ ಬಂದ ಮೇಲೆ ನನಗೆ ಖಚಿತವಾಗಿರುವ ಮಾತೊಂದಿದೆ: ಡೆಮೊವನ್ನು ಕೇಳಲು ಕೂರುವ ಮೊದಲು, ಇದನ್ನು ಯಾರ ಕಿವಿಗಾಗಿ ಮಾಡಿದರು ಎಂದು ವಿಚಾರಿಸಬೇಕು. ಡೆಮೊ ಒಂದು ಕಾಗದವಿದ್ದ ಹಾಗೆ. ಕಾಗದ ಬರೆಯುವಾಗ ಓದುವವರಿಗೆ ಆಗಲೇ ಗೊತ್ತಿರುವುದನ್ನು ನಾವು ಬಿಟ್ಟುಬಿಡುತ್ತೇವೆ, ಗೊತ್ತಾಗಲೇಬೇಕಾದ್ದನ್ನು ಮಾತ್ರ ಬರೆಯುತ್ತೇವೆ. ಡೆಮೊದಲ್ಲಿಯೂ ಏನು ಕೇಳಿಸುತ್ತದೆ ಎಂಬುದರಷ್ಟೇ ಏನನ್ನು ಬಿಡಲಾಗಿದೆ ಎಂಬುದೂ ಮುಖ್ಯ, ಏಕೆಂದರೆ ಬಿಟ್ಟ ಜಾಗವನ್ನು ತುಂಬುವವರು ಯಾರೆಂದು ಹಾಡಿದವನಿಗೆ ಗೊತ್ತಿರುತ್ತದೆ.

ಬೀಟಲ್ಸ್ ಬ್ಯಾಂಡಿನವರು 1968ರ ಮೇ ತಿಂಗಳಲ್ಲಿ ತಮ್ಮಲ್ಲೊಬ್ಬನಾದ ಜಾರ್ಜ್ ಹ್ಯಾರಿಸನ್ನನ ಮನೆಯಲ್ಲಿ ಮಾಡಿಕೊಂಡ ರೆಕಾರ್ಡಿಂಗುಗಳನ್ನು ನೋಡಿ. ಇಂಗ್ಲೆಂಡಿನ ಈಶರ್ ಎಂಬ ಊರಿನ ಆ ಮನೆಯಲ್ಲಿ ಒಂದು ಆಂಪೆಕ್ಸ್ ನಾಲ್ಕು ಟ್ರ್ಯಾಕ್ (ಸದ್ದಿನ ನಾಲ್ಕು ಪದರಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲ) ಟೇಪ್ ಯಂತ್ರವಿತ್ತು. ಅದರಲ್ಲಿ ದಾಖಲಾದ 27 ಹಾಡುಗಳು ಪೂರ್ತಿಯಾಗಿ ಹೊರಬಂದದ್ದು ಐವತ್ತು ವರ್ಷಗಳ ನಂತರ, 2018ರಲ್ಲಿ. ಆ ಹಾಡುಗಳಲ್ಲಿ ಹಲವು ಹುಟ್ಟಿದ್ದು ನಮ್ಮ ಋಷಿಕೇಶದಲ್ಲಿ, ಮಹರ್ಷಿ ಮಹೇಶ ಯೋಗಿಯವರ ಆಶ್ರಮದಲ್ಲಿ. ಅಲ್ಲಿ ಅವರ ಕೈಯಲ್ಲಿದ್ದದ್ದು ಅಕೌಸ್ಟಿಕ್ ಗಿಟಾರು. ಜತೆಗಿದ್ದ ಗಾಯಕ ಡೊನೊವನ್, ಬ್ಯಾಂಡಿನ ಜಾನ್ ಲೆನನ್ನನಿಗೆ ತಂತಿಗಳನ್ನು ಬೆರಳುಗಳಿಂದ ಬಿಡಿಬಿಡಿಯಾಗಿ ಮೀಟುವ ಕ್ರಮವನ್ನು ಕಲಿಸಿಕೊಟ್ಟಿದ್ದ. ಈಶರ್ ಡೆಮೊಗಳನ್ನು ಕೇಳಿದರೆ ಆ ಬೆರಳಾಟ ಲೆನನ್ನನ ಕೆಲವು ಹಾಡುಗಳಿಗೆ ಆಮೇಲೆ ಹಚ್ಚಿದ ಅಲಂಕಾರವಲ್ಲವೆಂದೂ ಹಾಡು ಹುಟ್ಟಿದ್ದೇ ಅದರೊಳಗೆಂದೂ ಸ್ಪಷ್ಟವಾಗುತ್ತದೆ. ಎಲ್ಲಿಯೂ ಪೂರ್ಣ ಡ್ರಮ್ಸ್ ಇಲ್ಲ, ಮುಖ್ಯ ವಿದ್ಯುತ್ ಗಿಟಾರಿನ ನುಡಿಗಳಿಲ್ಲ. ಆದರೆ ಹಾಡುವವನ ಧ್ವನಿಯನ್ನು ಅನೇಕ ಕಡೆ ಎರಡು ಸಲ ಒಂದರ ಮೇಲೊಂದು ಮುದ್ರಿಸಿದ್ದಾರೆ. ಅಂದರೆ ಧಾಟಿ ಅವರಿಗೆ ಅಷ್ಟು ಗಟ್ಟಿಯಾಗಿತ್ತು. ಇನ್ನೂ ತಡಕಾಡುತ್ತಿರುವ ಧಾಟಿಯನ್ನು ಅದೇ ಏರಿಳಿತದಲ್ಲಿ ಎರಡನೆಯ ಸಲ ಹಾಡಲು ಯಾರಿಗೂ ಬರುವುದಿಲ್ಲ. ಇದು ಜೊತೆಯವರಿಗೆ ಬರೆದ ಕಾಗದ: ಹಾಡು ಇದು, ಉಳಿದದ್ದನ್ನು ನಾವು ಕೂಡಿ ಮಾಡೋಣ.

ಅದೇ ಗುಂಪಿನ ಒಂದು ಹಾಡು ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದೆ. ಲೆನನ್ ಅದರಲ್ಲಿ ಋಷಿಕೇಶದ ದಾರಿಯನ್ನೂ ತಾನು ಪ್ರಕೃತಿಯ ಮಗುವೆಂಬುದನ್ನೂ ಹಾಡುತ್ತಾನೆ. ಆ ಹಾಡು ಆ ವರ್ಷದ ಆಲ್ಬಮ್ಮಿಗೆ ಸೇರಲಿಲ್ಲ. ಮೂರು ವರ್ಷಗಳ ಬಳಿಕ, 1971ರಲ್ಲಿ, ಅದೇ ಧಾಟಿ ‘ಜೆಲಸ್ ಗೈ’ ಎಂಬ ಹಾಡಾಗಿ ಬಂದಿತು. ಮಾತುಗಳಲ್ಲಿ ಬೆಟ್ಟವೂ ಇಲ್ಲ, ಋಷಿಕೇಶವೂ ಇಲ್ಲ, ತನ್ನ ಮತ್ಸರಕ್ಕಾಗಿ ಕ್ಷಮೆ ಬೇಡುವ ಗಂಡಸೊಬ್ಬನಿದ್ದಾನೆ. ಡೆಮೊ ಉಳಿಯದಿದ್ದರೆ ಈ ಧಾಟಿ ಆ ಮಾತುಗಳಿಗಾಗಿಯೇ ಹುಟ್ಟಿತೆಂದು ನಾವೆಲ್ಲ ಧಾರಾಳವಾಗಿ ಬರೆಯುತ್ತಿದ್ದೆವು. ಒಂದೇ ಹಾಡಿನ ಹಲವು ಡೆಮೊಗಳು ಸಿಕ್ಕಾಗ ಮೊದಲಿನಿಂದ ಕೊನೆಯವರೆಗೂ ಬದಲಾಗದೆ ಉಳಿದದ್ದು ಯಾವುದು ಎಂದು ಹುಡುಕಬೇಕು. ಅದು ಆ ಹಾಡಿನ ಬೆನ್ನೆಲುಬು. ಕೆಲವರಲ್ಲಿ ಅದು ಸ್ವರಗಳ ಒಂದು ಏರಿಳಿತ, ಕೆಲವರಲ್ಲಿ ಒಂದೇ ಒಂದು ಸಾಲು, ಕೆಲವರಲ್ಲಿ ಬಲಗೈಯ ಒಂದು ನಡೆ.

ತನಗೆ ತಾನೇ ಬರೆದುಕೊಂಡ ಕಾಗದದ ಸ್ವರೂಪ ಬೇರೆ. ಲೆನನ್ 1966ರಲ್ಲಿ ಚಲನಚಿತ್ರವೊಂದರಲ್ಲಿ ನಟಿಸಲು ಸ್ಪೇನಿನ ಆಲ್ಮೆರಿಯಾಕ್ಕೆ ಹೋಗಿದ್ದಾಗ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಹಾಡನ್ನು ಬರೆಯಲು ತೊಡಗಿದ. ಆಗಿನ ತುಣುಕುಗಳಲ್ಲಿ, ಈಗ ಎಲ್ಲರೂ ಹಾಡಿನ ಹೆಸರಿನೊಂದಿಗೇ ನೆನೆಯುವ ಆ ಪಲ್ಲವಿಯೇ ಇಲ್ಲ. ಮುಂದೆ ಎರಡನೆಯ ಚರಣವಾಗಲಿದ್ದ ಭಾಗದಿಂದ ಅವನು ಶುರುಮಾಡುತ್ತಾನೆ. ತನ್ನ ಮನಸ್ಸಿನ ಮಟ್ಟದಲ್ಲಿ ಬೇರೆ ಯಾರೂ ಇಲ್ಲವೆಂಬ ಅರ್ಥದ ಮಾತುಗಳನ್ನು ಒಮ್ಮೆ ಹಾಗೆ, ಒಮ್ಮೆ ಹೀಗೆ ತಿರುಗಿಸಿ ನೋಡುತ್ತಾನೆ, ತಡವರಿಸುತ್ತಾನೆ, ಮತ್ತೆ ಹಿಂದಿನಿಂದ ಹಿಡಿಯುತ್ತಾನೆ. ಸ್ಟುಡಿಯೋಕ್ಕೆ ಬಂದ ಮೇಲಿನ ಮೊದಲ ಟೇಕಿನಲ್ಲಿ, ಅಂದರೆ ಮೊದಲ ಸಲದ ಮುದ್ರಣದಲ್ಲಿ, ಪಲ್ಲವಿಯಿದ್ದರೂ ಹಾಡು ಆರಂಭವಾಗುವುದು ಚರಣದಿಂದಲೇ. ಪಲ್ಲವಿ ಮುಂದಕ್ಕೆ ಬಂದದ್ದು ಅದರ ನಂತರ. ಕೊನೆಯಲ್ಲಿ ಬೇರೆ ಬೇರೆ ಶ್ರುತಿ ಮತ್ತು ಬೇರೆ ಬೇರೆ ವೇಗದಲ್ಲಿದ್ದ ಎರಡು ಮುದ್ರಣಗಳ ವೇಗವನ್ನು ಹೊಂದಿಸಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿಮುದ್ರಣದ ಎಂಜಿನಿಯರ್ ಜೆಫ್ ಎಮರಿಕ್ ಅವರು ಹಾಡಿನ ಒಂದನೆಯ ನಿಮಿಷದ ಸುಮಾರಿಗೆ ಬೆಸೆದರು. ಇಷ್ಟೂ ಹಂತಗಳನ್ನು ಸಾಲಾಗಿ ಇಟ್ಟು ಕೇಳಿದವರಿಗೆ, ಹಾಡೆಂಬುದು ಕವಿಯ ತಲೆಯಲ್ಲಿ ಇಡಿಯಾಗಿ ಮಿಂಚಿ ಕೆಳಗಿಳಿಯುತ್ತದೆ ಎಂಬ ಕಲ್ಪನೆ ಎಷ್ಟು ದೂರದ್ದೆಂದು ತಿಳಿಯುತ್ತದೆ.

ಮೂರನೆಯ ಬಗೆಯೂ ಒಂದಿದೆ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ತನ್ನ ಬಾಡಿಗೆ ಮನೆಯಲ್ಲಿ ಟಿಯಾಕ್ ಕಂಪನಿಯ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮುಂದೆ ಕುಳಿತು ಹಾಡುಗಳನ್ನು ಮುದ್ರಿಸಿ, ಪ್ರತಿ ಹಾಡಿನ ಬಗ್ಗೆ ಕೈಬರಹದ ಟಿಪ್ಪಣಿಯೊಂದಿಗೆ ತನ್ನ ವ್ಯವಸ್ಥಾಪಕರಿಗೆ ಕಳುಹಿಸಿದ. ಕಾಗದವೆಂಬ ನನ್ನ ಮಾತು ಇಲ್ಲಿ ಅಕ್ಷರಶಃ ನಿಜ. ಆಮೇಲೆ ಅವೇ ಹಾಡುಗಳನ್ನು ಇಡೀ ಬ್ಯಾಂಡಿನೊಂದಿಗೆ ನುಡಿಸಿ ನೋಡಿದರೂ ಮನೆಯ ಟೇಪಿನಲ್ಲಿದ್ದ ಏಕಾಂತ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ನೆಬ್ರಾಸ್ಕಾ’ ಎಂಬ ಆಲ್ಬಮ್ಮಾಯಿತು. ಆದರೆ ಅದೇ ಕಾಲದ ಮನೆಯ ಡೆಮೊಗಳಲ್ಲಿದ್ದ ‘ಬಾರ್ನ್ ಇನ್ ದ ಯುಎಸ್‌ಎ’ ಹಾಡು ಬ್ಯಾಂಡಿನ ಕೈಗೆ ಸಿಕ್ಕ ಮೇಲೆಯೇ ತನ್ನ ಕಸುವನ್ನು ಪಡೆದು 1984ರ ಆಲ್ಬಮ್ಮಿಗೆ ಹೆಸರು ಕೊಟ್ಟಿತು. ಒಬ್ಬನೇ ರಚನಕಾರ, ಒಂದೇ ಕೋಣೆ. ಒಂದು ಹಾಡಿಗೆ ಬ್ಯಾಂಡು ಬೇಕಾಯಿತು, ಇನ್ನೊಂದಕ್ಕೆ ಬೇಡವಾಯಿತು. ಯಾವುದು ಯಾವುದೆಂದು ನುಡಿಸಿ ನೋಡದೆ ಅವನಿಗೂ ಗೊತ್ತಾಗಲಿಲ್ಲ.

ಇನ್ನು ಕನ್ನಡದ ವಿಷಯಕ್ಕೆ ಬರೋಣ, ಏಕೆಂದರೆ ಇಲ್ಲಿ ನಮ್ಮ ದಾರಿ ಸ್ವಲ್ಪ ಬೇರೆಯಾಗಿದೆ. ನಮ್ಮ ಭಾವಗೀತೆಗಳಲ್ಲಿ ಬಹುಪಾಲು ಪದ್ಯ ಮೊದಲು, ರಾಗ ಆಮೇಲೆ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೆ. ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಪುಸ್ತಕವಾಗಿ 1976ರಲ್ಲಿಯೇ ಬಂದಿತ್ತು. ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಅದು ಕ್ಯಾಸೆಟ್ಟಾಗಿ ಮನೆಮನೆ ತಲುಪಿದ್ದು 1978ರಲ್ಲಿ. ಇಂಥ ಹಾಡಿನ ಅಭ್ಯಾಸದ ಟೇಪು ಸಿಕ್ಕರೆ ಮಾತು ಹೇಗೆ ಹುಟ್ಟಿತೆಂದು ಅದರಲ್ಲಿ ಹುಡುಕಿ ಫಲವಿಲ್ಲ. ಯಾವ ಸಾಲನ್ನು ಪಲ್ಲವಿಯಾಗಿ ಎತ್ತಿಕೊಂಡರು, ಯಾವ ನುಡಿಯನ್ನು ಬಿಟ್ಟರು, ಪದ್ಯದ ಮಾತ್ರಾಗಣವನ್ನು ತಾಳದೊಳಗೆ ಹೇಗೆ ಕೂರಿಸಿದರು ಎಂದು ಕೇಳಬೇಕು. ನಿಮ್ಮಂಥ ಬ್ಯಾಂಡುಗಳು ಹಾಗೆ ಮಾಡುವುದು ಕಡಿಮೆ. ಗಿಟಾರಿನ ಒಂದು ನಡೆ ಹುಟ್ಟುತ್ತದೆ, ಅದರ ಮೇಲೆ ‘ನನನಾ’ ಎಂದೋ ‘ಲಾಲಲ’ ಎಂದೋ ಅರ್ಥವಿಲ್ಲದ ಅಕ್ಷರಗಳಲ್ಲಿ ಧಾಟಿ ಬರುತ್ತದೆ, ಮಾತು ಕೊನೆಗೆ ಬರುತ್ತದೆ. ಸಿನಿಮಾದವರು ‘ಟ್ಯೂನಿಗೆ ಬರೆಯುವುದು’ ಎನ್ನುವುದು ಇದನ್ನೇ.

ಆ ಅರ್ಥವಿಲ್ಲದ ಅಕ್ಷರಗಳನ್ನು ದಯವಿಟ್ಟು ಹಾರಿಸಿಬಿಡಬೇಡಿ. ನನ್ನ ಅನುಭವದಲ್ಲಿ ಮನೆಯ ರೆಕಾರ್ಡಿಂಗಿನಲ್ಲಿರುವ ಅತ್ಯಂತ ಅಮೂಲ್ಯವಾದ ಮಾಹಿತಿ ಅದು. ಎಲ್ಲಿ ‘ನಾ’ ಎಂಬ ದೀರ್ಘ ಬಂದಿದೆ, ಎಲ್ಲಿ ‘ನ’ ಎಂಬ ಹ್ರಸ್ವ ಬಂದಿದೆ, ಉದ್ದವಾಗಿ ಎಳೆಯುವ ಸ್ವರಕ್ಕೆ ಬಾಯಿ ತಾನಾಗಿ ‘ಆ’ಕಾರವನ್ನು ಬೇಡಿದೆಯೋ ‘ಈ’ಕಾರವನ್ನೋ ಎಂಬುದನ್ನು ಗುರುತು ಹಾಕಿಕೊಂಡು ಅಂತಿಮ ಸಾಹಿತ್ಯದ ಪಕ್ಕದಲ್ಲಿಟ್ಟರೆ, ಬರೆದವರು ಧಾಟಿಗೆ ಎಷ್ಟು ಕಿವಿಗೊಟ್ಟರು, ಎಲ್ಲಿ ಅದನ್ನು ಬಗ್ಗಿಸಿದರು ಎಂಬುದು ಅಕ್ಷರ ಅಕ್ಷರವಾಗಿ ಕಾಣುತ್ತದೆ. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ, ಏಕೆಂದರೆ ಹ್ರಸ್ವವನ್ನು ಎಳೆದರೆ ಪದವೇ ಬೇರೆಯಾಗಿಬಿಡಬಹುದು: ‘ಮರ’ ಎಳೆದರೆ ‘ಮಾರ’, ‘ನಡು’ ಎಳೆದರೆ ‘ನಾಡು’.

ಇದನ್ನು ನಾನು ಪ್ರತ್ಯಕ್ಷ ಕಂಡದ್ದು ಹೊಸನಗರದ ಕಡೆಯ ಒಂದು ತಂಡದ ಹಾಡಿನಲ್ಲಿ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಅಜ್ಜನ ಮನೆಯ ಬಗ್ಗೆ ಅವರು ಹಾಡು ಮಾಡಿದ್ದರು. ಸ್ಟುಡಿಯೋ ಮುದ್ರಣಕ್ಕೆ ಮೊದಲು ಫೋನಿನಲ್ಲಿದ್ದ ಐದು ರೆಕಾರ್ಡಿಂಗುಗಳನ್ನು ನಾನು ಕೇಳಿ ಪಡೆದೆ. ಮೊದಲನೆಯದರಲ್ಲಿ ಗಾಯಕಿ ಒಬ್ಬಳೇ ಗಿಟಾರು ಹಿಡಿದು ಗುನುಗುತ್ತಿದ್ದಳು. ಇಡೀ ಗುನುಗಿನಲ್ಲಿ ‘ನಡುವಿನಲಿ’ ಎಂಬ ಒಂದೇ ಪದ ಸ್ಪಷ್ಟವಾಗಿತ್ತು. ನಡೆ ಮೂರು ಮಾತ್ರೆಯದು, ತೊಟ್ಟಿಲು ತೂಗಿದ ಹಾಗೆ. ಮೂರನೆಯ ರೆಕಾರ್ಡಿಂಗಿನ ಹೊತ್ತಿಗೆ ತಂಡಕ್ಕೆ ಕಾಹೋನ್ ಎಂಬ ಮರದ ಪೆಟ್ಟಿಗೆಯ ತಾಳವಾದ್ಯ ಬಾರಿಸುವವನು ಸೇರಿಕೊಂಡಿದ್ದ. ನಡೆ ನಾಲ್ಕಕ್ಕೆ ತಿರುಗಿತ್ತು, ಆ ಪದದ ಮೊದಲ ಅಕ್ಷರ ಎಳೆಯಬೇಕಾದ ಜಾಗದಲ್ಲಿ ಬಿದ್ದು ‘ನಾಡುವಿನಲಿ’ ಎಂದು ಕೇಳುತ್ತಿತ್ತು. ನಾಲ್ಕನೆಯದರಲ್ಲಿ ಅವಳು ಅಲ್ಲಿಗೆ ಬಂದು ನಿಂತುಬಿಡುತ್ತಾಳೆ, ಯಾರೋ ಏನೋ ಅನ್ನುತ್ತಾರೆ, ಮತ್ತೆ ಶುರುಮಾಡುತ್ತಾಳೆ. ಐದನೆಯದರಲ್ಲಿ ಪದ ‘ನೀರಿನಲಿ’ ಎಂದಾಗಿದೆ. ಎರಡೂ ಪದಗಳಿಗೆ ಐದೈದೇ ಮಾತ್ರೆ, ಆದರೆ ‘ನೀ’ ದೀರ್ಘವಾದ್ದರಿಂದ ಎಳೆತ ಸಲೀಸಾಗಿ ಕೂತಿತು. ಆ ಒಂದು ಪದ ಬದಲಾದ ಮೇಲೆ ಮುಂದಿನ ಎರಡು ಸಾಲುಗಳೂ ನೀರಿನ ಕಡೆಗೆ ತಿರುಗಿಕೊಂಡವು. ಬರೆದವಳು ಗಾಯಕಿಯೇ, ಅದರಲ್ಲಿ ಸಂಶಯವಿಲ್ಲ. ಆದರೆ ಕಾಹೋನ್ ಬಾರಿಸುವವನು ಒಂದು ಮಾತನ್ನೂ ಆಡದೆ ಸಾಹಿತ್ಯವನ್ನು ಬದಲಿಸಿದ್ದ. ಇದು ಅವರಿಬ್ಬರಿಗೂ ನೆನಪಿರಲಿಲ್ಲ. ರೆಕಾರ್ಡಿಂಗುಗಳನ್ನು ಸಾಲಾಗಿ ಹಾಕಿ ಕೇಳಿಸಿದಾಗ ಇಬ್ಬರೂ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಈ ಕೆಲಸಕ್ಕೆ ಕಾಲಕ್ರಮ ಸರಿಯಾಗಿರಬೇಕು, ಇಲ್ಲದಿದ್ದರೆ ಹಿಂದಿನದನ್ನು ಮುಂದಿನದೆಂದು ಓದಿ ಕತೆಯನ್ನೇ ತಿರುಚುತ್ತೇವೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಸಾಧನದ ಮಿತಿಯೇ ಕ್ರಮವನ್ನು ಹೇಳುತ್ತದೆ: ನಾಲ್ಕೇ ಟ್ರ್ಯಾಕುಗಳಿದ್ದಾಗ ಮೂರನ್ನು ಕೂಡಿಸಿ ನಾಲ್ಕನೆಯದಕ್ಕೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು, ಹಾಗೆ ಇಳಿಸಿದ ಪದರ ಮಂಕಾಗಿ ಅದರ ಹಿಸ್ಸೆಂಬ ಸದ್ದು ಹೆಚ್ಚುತ್ತಿತ್ತು. ಆದ್ದರಿಂದ ಒಂದೇ ಮುದ್ರಣದಲ್ಲಿ ಅತಿ ಮಂಕಾಗಿ ಕೇಳುವ ವಾದ್ಯ ಸಾಮಾನ್ಯವಾಗಿ ಮೊದಲು ಮುದ್ರಿತವಾದದ್ದು. ಶ್ರುತಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು, ಏಕೆಂದರೆ ಟೇಪು ಶೇಕಡಾ 6ರಷ್ಟು ವೇಗವಾಗಿ ಓಡಿದರೆ ಹಾಡು ಅರ್ಧ ಸ್ವರ ಮೇಲೇರುತ್ತದೆ. ಹಿನ್ನೆಲೆಯಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಇದ್ದರೆ ಅದನ್ನು ಅಳೆದು ನೋಡಿ: ನಮ್ಮಲ್ಲಿ ಅದು 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಇರಬೇಕು, 53ರ ಹತ್ತಿರ ಕಂಡರೆ ಗಾಯಕ ಶ್ರುತಿ ಏರಿಸಿಲ್ಲ, ಯಂತ್ರ ಏರಿಸಿದೆ. ಅಮೆರಿಕದ ಟೇಪಾದರೆ 60 ಎಂದು ಲೆಕ್ಕ ಹಿಡಿಯಬೇಕು.

ನಿಮ್ಮ ಫೋನಿನ ರೆಕಾರ್ಡಿಂಗುಗಳಿಗೆ ವೇಗದ ತೊಂದರೆಯಿಲ್ಲ, ಬೇರೆ ತೊಂದರೆಗಳಿವೆ. ಫೋನು ಮೆಲುದನಿಯನ್ನು ತಾನೇ ಏರಿಸಿ ಜೋರುದನಿಯನ್ನು ತಾನೇ ಇಳಿಸುವುದರಿಂದ, ‘ಆಗ ಈ ಸಾಲನ್ನು ಇಷ್ಟು ಜೋರಾಗಿ ಹಾಡುತ್ತಿದ್ದೆವು’ ಎಂಬ ತೀರ್ಮಾನಕ್ಕೆ ಅದರಿಂದ ಬರಬೇಡಿ. ಗದ್ದಲ ತಗ್ಗಿಸುವ ಕೆಲವು ತಂತ್ರಾಂಶಗಳು ಒಂದೇ ಸಮನೆ ಮೊಳಗುವ ಶ್ರುತಿಪೆಟ್ಟಿಗೆಯನ್ನೂ ಗದ್ದಲವೆಂದೇ ಎಣಿಸಿ ಕುಗ್ಗಿಸುತ್ತವೆ. ವಾಟ್ಸಾಪಿನಲ್ಲಿ ಹೋಗಿಬಂದ ಕಡತದ ಹೆಸರಿನಲ್ಲಿರುವ ದಿನಾಂಕ ಹಾಡಿದ ದಿನದ್ದೇ ಆಗಿರಬೇಕಿಲ್ಲ. ಮೂಲ ಕಡತವಿರುವ ಫೋನನ್ನೇ ಹುಡುಕಿ. ದಿನಾಂಕ ಕೆಟ್ಟಿದ್ದರೂ ಮಲೆನಾಡಿನಲ್ಲಿ ಇನ್ನೊಂದು ದಾರಿಯಿದೆ. ಗಿಟಾರಿನ ಹಿಂದೆ ಜೀರುಂಡೆಗಳು ಕಿವಿ ತುಂಬುವಂತೆ ಕೂಗುತ್ತಿದ್ದರೆ ಅದು ಮಳೆ ಹಿಡಿಯುವ ಮುಂಚಿನ ಬೇಸಿಗೆ, ಕಪ್ಪೆಗಳ ವಟಗುಟ್ಟುವಿಕೆಯಾದರೆ ಮಳೆ ಬಿದ್ದ ಮೇಲೆ, ತಗಡಿನ ಮಾಡಿನ ಮೇಲೆ ಬಿಡದೆ ಮಳೆ ಸುರಿಯುತ್ತಿದ್ದರೆ ಜುಲೈ ಆಸುಪಾಸು, ಅಡಿಕೆ ಸುಲಿಯುವ ಸದ್ದು ಮತ್ತು ಮಾತುಕತೆಯಿದ್ದರೆ ಕೊಯ್ಲಿನ ಚಳಿಗಾಲ. ಮೇಲೆ ಹೇಳಿದ ಐದು ರೆಕಾರ್ಡಿಂಗುಗಳಲ್ಲಿ ಎರಡರ ಹಿಂದುಮುಂದನ್ನು ನಾವು ಖಚಿತ ಮಾಡಿಕೊಂಡದ್ದು ಕಪ್ಪೆಗಳಿಂದಲೇ.

ಈಗ ನಿಮ್ಮ ಭಿನ್ನಾಭಿಪ್ರಾಯ. ರೆಕಾರ್ಡಿಂಗಿನಲ್ಲಿ ಯಾರ ಧ್ವನಿಯಿದೆಯೋ ಅವರೇ ರಚನಕಾರರೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಲೆನನ್ ಮತ್ತು ಅದೇ ಬ್ಯಾಂಡಿನ ಪಾಲ್ ಮೆಕಾರ್ಟ್ನಿ, ಯಾರೇ ಬರೆದರೂ ಇಬ್ಬರ ಹೆಸರನ್ನೂ ಹಾಕುವುದೆಂದು ಒಪ್ಪಿಕೊಂಡಿದ್ದರು. ‘ಸ್ಟ್ರಾಬೆರಿ ಫೀಲ್ಡ್ಸ್’ ಹಾಡಿನ ಮನೆಯ ಟೇಪುಗಳಲ್ಲಿ ಕೇಳುವುದು ಲೆನನ್ನನ ಧ್ವನಿ, ಅವನದೇ ಗಿಟಾರು. ಆದರೆ ಮೊದಲ ಎರಡು ಸೆಕೆಂಡಿನಲ್ಲಿಯೇ ಹಾಡನ್ನು ಗುರುತಿಸುವಂತೆ ಮಾಡುವ ಮೆಲೊಟ್ರಾನಿನ (ಟೇಪಿನಲ್ಲಿ ಮುದ್ರಿಸಿಟ್ಟ ವಾದ್ಯಗಳ ಸದ್ದನ್ನು ಹೊರಡಿಸುವ ಕೀಲಿಮಣೆಯ) ಆ ಕೊಳಲಿನಂಥ ಆರಂಭವನ್ನು ನುಡಿಸಿದವನು ಮೆಕಾರ್ಟ್ನಿ, ಮತ್ತು ಅದು ಯಾವ ಮನೆಯ ಟೇಪಿನಲ್ಲಿಯೂ ಇಲ್ಲ. ಡೆಮೊ ಮಾಡಿದವನ ಕೊಡುಗೆ ಡೆಮೊದಲ್ಲಿ ಉಳಿಯುತ್ತದೆ. ಕೇಳಿ ಉತ್ತರ ಕೊಟ್ಟವರ ಕೊಡುಗೆ ಅದರ ಹೊರಗೆ ಉಳಿಯುತ್ತದೆ. ನಿಮ್ಮಲ್ಲಿ ಫೋನು ಹಿಡಿಯುವ ಅಭ್ಯಾಸ ಯಾರಿಗಿತ್ತೋ ಅವರ ಹೆಸರಿನ ಕಡೆಗೆ ಈ ನೂರು ಕಡತಗಳೂ ವಾಲುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಕೇಳಲು ಕೂರಿ.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಹಾಡಿನ ಮಾತು ಸಾಹಿತ್ಯ ಕೃತಿ, ಧಾಟಿ ಸಂಗೀತ ಕೃತಿ, ಧ್ವನಿಮುದ್ರಣ ಮೂರನೆಯ ಬೇರೆ ಕೃತಿ. ರೆಕಾರ್ಡಿನ ಗುಂಡಿ ಒತ್ತಿದ ಮಾತ್ರಕ್ಕೆ ಧಾಟಿಯ ಹಕ್ಕು ಯಾರಿಗೂ ಬರುವುದಿಲ್ಲ. ಇಬ್ಬರ ಕೊಡುಗೆಯನ್ನು ಬೇರ್ಪಡಿಸಲಾಗದಂತೆ ಹೆಣೆದುಕೊಂಡ ಕೃತಿಯನ್ನು ಕಾಯಿದೆ ಜಂಟಿ ಕರ್ತೃತ್ವವೆಂದು ಗುರುತಿಸುತ್ತದೆ. ಮಾತು ಮತ್ತು ಧಾಟಿಯ ಹಕ್ಕು ಕರ್ತೃವಿನ ಕಾಲಾನಂತರವೂ 60 ವರ್ಷ ನಡೆಯುವುದರಿಂದ, ಮಾತು ಯಾರದು, ಧಾಟಿ ಯಾರದು, ಹಂಚಿಕೆ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಆ ಹಾಳೆ ಬರೆಯುವ ಮೊದಲು ಹೀಗೆ ಮಾಡಿ. ವಿವಾದದ ಹಾಡಿನ ಎಲ್ಲ ರೆಕಾರ್ಡಿಂಗುಗಳನ್ನೂ ಕಾಲಕ್ರಮದಲ್ಲಿ ಜೋಡಿಸಿ, ಮೂಲ ಕಡತಗಳನ್ನು ಮುಟ್ಟದೆ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ನಾಲ್ವರೂ ಒಟ್ಟಿಗೆ ಕೂತು ಕೇಳಿ, ಆದರೆ ಮಾತಾಡಬೇಡಿ. ಯಾವ ರೆಕಾರ್ಡಿಂಗಿನಲ್ಲಿ ಏನು ಹೊಸದಾಗಿ ಬಂದಿತು, ಏನು ಬಿದ್ದುಹೋಯಿತು ಎಂಬುದನ್ನಷ್ಟೇ ಪ್ರತಿಯೊಬ್ಬರೂ ತಮ್ಮ ತಮ್ಮ ಹಾಳೆಯಲ್ಲಿ ಬರೆದುಕೊಳ್ಳಿ. ಯಾರು ತಂದರು ಎಂಬುದನ್ನು ಈಗ ಬರೆಯಬೇಡಿ. ರೆಕಾರ್ಡಿಂಗಿನ ನಡುವೆ ಹಾಡು ನಿಂತ ಜಾಗಗಳನ್ನು, ನಗುವನ್ನು, ‘ಇನ್ನೊಮ್ಮೆ’ ಎಂದ ಧ್ವನಿಯನ್ನು, ಹಿಂದಿನಿಂದ ಮೇಜು ತಟ್ಟುತ್ತಿರುವ ಕೈಯನ್ನು ವಿಶೇಷವಾಗಿ ಗುರುತಿಸಿ, ಏಕೆಂದರೆ ಹಾಡದೆ ಕುಳಿತವರು ಹಾಡಿಗೆ ಕೊಟ್ಟದ್ದು ಬಹುಮಟ್ಟಿಗೆ ಅಲ್ಲಿಯೇ ಸಿಗುತ್ತದೆ. ಆಮೇಲೆ ನಾಲ್ಕು ಹಾಳೆಗಳನ್ನೂ ಪಕ್ಕಪಕ್ಕ ಇಡಿ. ಒಂದು ರೆಕಾರ್ಡಿಂಗಿಗೂ ಮುಂದಿನದಕ್ಕೂ ನಡುವೆ ಹಾಡು ದೊಡ್ಡದಾಗಿ ಬದಲಾಗಿದ್ದು, ಆ ಬದಲಾವಣೆ ಆದದ್ದು ಹೇಗೆಂದು ಯಾವ ಕಡತದಲ್ಲಿಯೂ ಕೇಳದಿದ್ದರೆ, ಆ ನಡುವಿನ ದಿನಗಳಲ್ಲಿ ನೀವು ಎಲ್ಲಿ ಸೇರಿದ್ದಿರಿ, ಅಲ್ಲಿ ಯಾರು ಯಾರಿದ್ದರು ಎಂದು ನೆನೆಸಿಕೊಳ್ಳಲು ಶುರುಮಾಡಿ.

ಹಳೆಯ ಕ್ಯಾಸೆಟ್ಟುಗಳೂ ಮನೆಯಲ್ಲಿದ್ದರೆ ಒಂದು ಎಚ್ಚರಿಕೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಬಿಳಿಯ ಪುಡಿಯಂತೆ ಕಂಡರೆ ಹಾಕಿ ನೋಡಲು ಹೋಗಬೇಡಿ, ಒಂದರ ಬೂಷ್ಟು ಯಂತ್ರದ ಹೆಡ್ಡಿಗೆ ಅಂಟಿ ಮುಂದಿನ ಟೇಪಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿಯಾದ ಡಬ್ಬಿಯಲ್ಲಿಟ್ಟು, ಟೇಪು ಶುಚಿಮಾಡಲು ಬಲ್ಲವರ ಕೈಗೆ ಕೊಡಿ.